ಬ್ಯಾನಿ ಎಂದಳೋ, ಬೆನೋನಿ ಎಂದಳೋ

ನರ್ಸಮ್ಮನ ಕೈಗಡಿಯಾರದ ಮುಖ ಯಾವಾಗಲೂ ಮಣಿಕಟ್ಟಿನ ಒಳಬದಿಗೆ ಇರುತ್ತಿತ್ತು. ಗಂಡಸರು ಕಟ್ಟುವಂಥ ಅಗಲವಾದ ಗಡಿಯಾರ. ಅದರ ಚರ್ಮದ ಪಟ್ಟಿ ಬೆವರು ಕುಡಿದು ಕಪ್ಪಗಾಗಿ, ತುದಿ ನಾಯಿಯ ಕಿವಿಯ ಹಾಗೆ ಮಡಚಿಕೊಂಡಿತ್ತು. ಯಾರಾದರೂ ಎದುರಾದರೆ ನಮಸ್ಕಾರ ಗಿಮಸ್ಕಾರವೆಲ್ಲ ಆಮೇಲೆ, ಮೊದಲು ಅವರ ಕೈ ಹಿಡಿಯುತ್ತಿದ್ದರು. ನಾಡಿಯ ಮೇಲೆ ಮೂರು ಬೆರಳು ಒತ್ತಿ, ತಮ್ಮ ಕೈ ತಿರುಗಿಸಿ ಗಡಿಯಾರ ನೋಡುತ್ತಾ, ತುಟಿ ಅಲ್ಲಾಡಿಸದೆ ಎಣಿಸುತ್ತಿದ್ದರು. ಎಣಿಕೆ ಮುಗಿಯುವ ಮೊದಲು ಮಾತಾಡಿದವರಿಗೆ ಬೈಗುಳ ಬೀಳುತ್ತಿತ್ತು. ಸಿರುಗುಪ್ಪದ ಸಂತೆಯಲ್ಲಿ ಬದನೆಕಾಯಿ ಮಾರುವವಳ ಕೈಯನ್ನೂ ಹೀಗೆ ಹಿಡಿದು ನಿಂತದ್ದನ್ನು ನಾನು ನೋಡಿದ್ದೇನೆ. ನನ್ನ ಕೈ ಹಿಡಿದಾಗಲಂತೂ ಎಣಿಕೆ ಮುಗಿದ ಮೇಲೂ ಬಿಡುತ್ತಿರಲಿಲ್ಲ. "ಕುದುರಿ ಹಂಗ ಓಡಾಕತ್ತೈತಲ್ಲೋ ತಮ್ಮಾ. ಯಾರಿಗೆ ಅಂಜ್ತೀ ಇಷ್ಟು?" ಎಂದು ಕೇಳುತ್ತಿದ್ದರು. ಯಾರಿಗೆಂದು ಹೇಳಲಿ? ಅಂಜದೆ ಕಳೆದ ದಿನ ಹೇಗಿರುತ್ತದೆಂದೇ ನನಗೆ ಗೊತ್ತಿರಲಿಲ್ಲ.

ಅಂಜಿಕೆಯ ಬೇರು ನನ್ನ ಹೆಸರಿನಲ್ಲೇ ಇತ್ತು. ನನ್ನ ಹೆಸರು ಬೆನೋನಿ. ಹೀಬ್ರೂ ಹೆಸರು. ಸತ್ಯವೇದದಲ್ಲಿ ಯಾಕೋಬನ ಹೆಂಡತಿ ರಾಹೇಲಳಿಗೆ ಪ್ರಯಾಣದ ದಾರಿಯಲ್ಲೇ ಹೆರಿಗೆ ನೋವು ಬರುತ್ತದೆ. ಗಂಡುಕೂಸು ಹೆತ್ತು ಪ್ರಾಣ ಬಿಡುವಾಗ ಅವಳು ಆ ಕೂಸಿಗೆ ಇಟ್ಟ ಹೆಸರು ಇದು. ಬೆನ್ ಎಂದರೆ ಮಗ, ಓನಿ ಎಂದರೆ ನನ್ನ ದುಃಖ. ನನ್ನ ದುಃಖದ ಮಗ. ಯಾಕೋಬನಿಗೆ ಆ ಹೆಸರು ಬೇಡವಾಯಿತು. ಅವನು ಕೂಸನ್ನು ಬೆನ್ಯಾಮೀನ್ ಎಂದು ಕರೆದ, ಬಲಗೈಯ ಮಗ ಎಂದು. ಜಗತ್ತಿನ ತುಂಬ ಬೆನ್ಯಾಮೀನರಿದ್ದಾರೆ. ಬಳ್ಳಾರಿಯಲ್ಲೇ ನನಗೆ ಗೊತ್ತಿರುವವರು ಮೂವರು. ಬೆನೋನಿ ಎಂಬವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಸಾಯುವವಳು ಇಟ್ಟ ಹೆಸರನ್ನು ಬದುಕಬೇಕಾದ ಕೂಸಿಗೆ ಯಾರು ತಾನೇ ಬೇಕೆಂದು ಇಡುತ್ತಾರೆ?

ನನಗೆ ಇಟ್ಟವನು ಅವ್ವನ ಅಪ್ಪ, ನನ್ನ ತಾತ. ಸಿರುಗುಪ್ಪದಲ್ಲಿ ಅವನು ಉಪದೇಶಿಯಾಗಿದ್ದ. ಚರ್ಚಿನ ಅಯ್ಯನವರು ಹೋಗಲಾಗದ ಹಳ್ಳಿಗಳಿಗೆ ಸೈಕಲ್ ತುಳಿದುಕೊಂಡು ಹೋಗಿ ಪ್ರಾರ್ಥನೆ ನಡೆಸಿ ಬರುವ ಕೆಲಸ. ಅವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ನರ್ಸಮ್ಮ ಆಗ ಇಪ್ಪತ್ತೆರಡರ ಹುಡುಗಿ, ಸಿರುಗುಪ್ಪಕ್ಕೆ ಅದೇ ಹೊಸದಾಗಿ ಕೆಲಸಕ್ಕೆ ಸೇರಿದ್ದರು. ಹೆರಿಗೆ ಮನೆಯಲ್ಲೇ ಆಯಿತು. ನಾನು ಹುಟ್ಟಿ ಗಂಟೆಯೊಳಗೆ ಅವ್ವ ರಕ್ತ ಹೋಗಿ ತೀರಿಕೊಂಡಳು. ಬಾಗಿಲ ಪರದೆಯ ಹೊರಗೆ ಮೊಣಕಾಲೂರಿ ಬಾಯಿ ಬಿಚ್ಚದೆ ಪ್ರಾರ್ಥಿಸುತ್ತಿದ್ದ ತಾತನಿಗೆ ಮಗಳ ಕೊನೆಯ ಮಾತು ಕೇಳಿಸಿತು. ಬೆನೋನಿ ಎಂದಳಂತೆ. ಅವ್ವ ಉಪದೇಶಿಯ ಮಗಳು, ಅಕ್ಷರ ಕಲಿತದ್ದೇ ಸತ್ಯವೇದ ಓದಿ. ರಾಹೇಲಳ ಕಥೆ ಅವಳಿಗೆ ಬಾಯಿಪಾಠ ಇತ್ತು. ಹಾಗಾಗಿ ತಾತನಿಗೆ ಅನುಮಾನವೇ ಹುಟ್ಟಲಿಲ್ಲ.

ಈ ಕಥೆಯನ್ನು ತಾತ ಪ್ರತಿವರ್ಷ ನನ್ನ ಹುಟ್ಟುಹಬ್ಬದ ಹಿಂದುಮುಂದಿನ ಭಾನುವಾರ ಸಭೆಯೆದುರು ನಿಂತು ಸಾಕ್ಷಿ ಹೇಳುತ್ತಿದ್ದ. "ನನ್ನ ಮಗಳು ನೋವಿನಾಗೂ ದೇವರ ಮಾತು ಮರೀಲಿಲ್ಲ. ಮಗನಿಗೆ ಹೆಸರಿಟ್ಟು ಹೋದಳು" ಎಂದು ಅವನು ಕಣ್ಣೊರೆಸಿಕೊಂಡಾಗ ಹೆಂಗಸರೆಲ್ಲ ತಿರುಗಿ ನನ್ನನ್ನು ನೋಡುತ್ತಿದ್ದರು. ನಾನು ಚಾಪೆಯ ಕಡ್ಡಿ ಕೀಳುತ್ತಾ ತಲೆ ತಗ್ಗಿಸಿ ಕೂತಿರುತ್ತಿದ್ದೆ. ಮುದುಕನಿಗೆ ಅದು ಸಮಾಧಾನ. ನನಗೆ ಅದೊಂದು ಚಾರ್ಜುಶೀಟು. ನನ್ನ ತಾಯಿ ಸಾಯುವ ಮುನ್ನ ನನ್ನನ್ನು ನೋಡಿ ಹೇಳಿದ್ದು ಒಂದೇ ಮಾತು, ಅದರ ಅರ್ಥ ದುಃಖ. ಯಾಕೋಬನಿಗಿದ್ದ ಧೈರ್ಯ ನನ್ನ ಅಪ್ಪನಿಗೆ ಇರಲಿಲ್ಲ. ಅವನು ಹೆಸರು ಬದಲಿಸಲಿಲ್ಲ, ಇನ್ನೊಂದು ಮದುವೆ ಮಾಡಿಕೊಂಡು ರಾಯಚೂರಿನ ಕಡೆ ಹೋದ.

ಇಷ್ಟು ಸಾಲದೆಂಬಂತೆ ನಮ್ಮ ಕಡೆಯ ನಾಲಿಗೆ ಬೇರೆ. ಪುಸ್ತಕದ ಬೇನೆ ನಮ್ಮ ಬಾಯಲ್ಲಿ ಬ್ಯಾನಿ. ಜ್ವರ ಬಂದರೂ ಬ್ಯಾನಿ, ಊರಿಗೆ ರೋಗ ಬಂದರೂ ಬ್ಯಾನಿ, ಹೆರಿಗೆ ನೋವೂ ಬ್ಯಾನಿಯೇ. ಒಂದನೇ ಕ್ಲಾಸಿನಲ್ಲಿ ಮಾಸ್ತರು ಹಾಜರಿ ಕರೆದ ಮೊದಲ ದಿನವೇ ಹುಡುಗರು ನನ್ನ ಹೆಸರನ್ನು ಬ್ಯಾನಿ ಮಾಡಿ ಮುಗಿಸಿದರು. "ಬ್ಯಾನಿ ಬಂತು, ಸರೀರ್ಲೇ!" ಎಂದು ಬೆಂಚಿನ ಇನ್ನೊಂದು ತುದಿಗೆ ಜಾರುತ್ತಿದ್ದರು. ಅದು ಆಟವೆಂದು ನನಗೂ ಗೊತ್ತಿತ್ತು. ಆದರೆ ನಾನು ಮುಟ್ಟಿದ ಹುಡುಗನಿಗೆ ಮರುದಿನ ಕೆಮ್ಮು ಬಂದರೆ ನನಗೆ ಊಟ ಸೇರುತ್ತಿರಲಿಲ್ಲ.

ನಮ್ಮ ಓಣಿಯಲ್ಲಿ ಒಬ್ಬ ತೆಲುಗಿನ ಅತ್ತೆ ಇದ್ದಳು. ಅವಳ ಮಗಳು ಬಾಣಂತನಕ್ಕೆ ಬಂದಿದ್ದಾಗ ನಾನು ಮಜ್ಜಿಗೆ ಕೇಳಲು ಹೋದೆ. ಆಗ ನನಗೆ ಎಂಟು ವರ್ಷ ಇರಬೇಕು. ಅತ್ತೆ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದಳು. "ಒಳಗ ಕೂಸೈತಿ, ನೀ ಬರಬ್ಯಾಡ. ನೀನು ಒಳ್ಳೆ ಹುಡುಗನೇ, ಪೇರೇ ಬಾಲೇದು" ಎಂದಳು. ಹೆಸರೇ ಚೆನ್ನಾಗಿಲ್ಲ ಎಂದು. ಪಾಪ, ಮೆತ್ತಗೆ ಹೇಳಿದಳು, ಅದಕ್ಕೇ ಹೆಚ್ಚು ನಾಟಿತು. ನಾನು ಖಾಲಿ ಚೊಂಬು ಹಿಡಿದುಕೊಂಡು ಮರಳಿದೆ. ಕೂಸಿಗೆ ಏನಾದರೂ ಆದರೆ ಎಂದು ಹೆದರಿ ಮೂರು ದಿನ ಆ ಮನೆಯ ಕಡೆ ಕಿವಿಗೊಟ್ಟುಕೊಂಡೇ ಇದ್ದೆ. ಅದು ಅತ್ತರೆ ನನಗೆ ನೆಮ್ಮದಿ, ಸುಮ್ಮನಾದರೆ ಜೀವ ಹಾರುತ್ತಿತ್ತು.

ಆ ವಾರವೇ ನರ್ಸಮ್ಮ ಬಂದರು. ಅಷ್ಟರಲ್ಲಾಗಲೇ ಅವರಿಗೆ ಹಳ್ಳಿಯಿಂದ ಹಳ್ಳಿಗೆ ವರ್ಗವಾಗಿತ್ತು. ಆದರೂ ವರ್ಷಕ್ಕೊಮ್ಮೆ ನನ್ನ ಹುಟ್ಟಿದ ದಿನ ಎಲ್ಲಿದ್ದರೂ ಬಸ್ಸು ಹಿಡಿದು ಬರುತ್ತಿದ್ದರು. ಹಣೆಗೆ ಮೂರು ಬೆರಳ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಹೆಗಲಿಗೆ ಚೀಲ, ಚೀಲದಲ್ಲಿ ಸ್ಟೀಲಿನ ಡಬ್ಬಿ ತುಂಬ ಶೇಂಗಾ ಉಂಡಿ. ಕುರುಗೋಡಿನ ಶೈವರ ಮನೆಯ ಹೆಣ್ಣುಮಗಳು ನಮ್ಮ ಉಪದೇಶಿ ತಾತನ ಮನೆಗೆ ಹೀಗೆ ತಪ್ಪದೆ ಬರುವುದು ಓಣಿಯವರಿಗೊಂದು ಸೋಜಿಗ. ತಾತ ಪ್ರಾರ್ಥನೆ ಮಾಡಿದಾಗ ಅವರೂ ಕಣ್ಣು ಮುಚ್ಚಿ ಕೂರುತ್ತಿದ್ದರು, ಮುಗಿದ ಮೇಲೆ "ಶಿವಾ" ಎಂದು ಏಳುತ್ತಿದ್ದರು. ತಾತನೂ ಏನೂ ಅನ್ನುತ್ತಿರಲಿಲ್ಲ.

ಚೊಂಬಿನ ವಿಷಯ ತಿಳಿದದ್ದೇ ನರ್ಸಮ್ಮ ನನ್ನ ಕೈ ಹಿಡಿದು ಎಳೆದುಕೊಂಡೇ ಅತ್ತೆಯ ಮನೆಗೆ ಹೋದರು. ಒಳಗೆ ಹೋಗಿ ಕೂಸನ್ನು ಎತ್ತಿ, ಹೊಕ್ಕುಳು ನೋಡಿ, ಅದನ್ನು ನನ್ನ ಮಡಿಲಿಗೆ ಹಾಕಿಯೇಬಿಟ್ಟರು. ಅತ್ತೆ ಬಾಯಿ ಬಡಿದುಕೊಂಡಳು. "ಏನಾರ ಆದ್ರ ಏನ್ ಮಾಡಲಿ ನರ್ಸಮ್ಮಾ? ಏನೂ ಆಗಂಗಿಲ್ಲ ಅನ್ರಿ ನೀವಾರ!"

"ಹಂಗ ಅನ್ನಾಕ ನಾ ಯಾರವ್ವ? ಕೂಸು ಅಂದಮ್ಯಾಗ ಏನಾರ ಆಗಬಹುದು. ಆದ್ರ ಇವನ ಹೆಸರಿನಿಂದ ಆಗಂಗಿಲ್ಲ. ಆದಾಗ ಕರಿ, ಬರ್ತೀನಿ."

ಅದು ಅವರ ಸ್ವಭಾವ. ಏನೂ ಆಗುವುದಿಲ್ಲ ಎಂಬ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. ಸೂಜಿ ಚುಚ್ಚುವಾಗ ಬೇರೆಯವರು ಇರುವೆ ಕಚ್ಚಿದ ಹಾಗೆ ಎಂದರೆ, ಇವರು "ನೋಯ್ತದ. ಹತ್ತು ಎಣಿಸು, ಹೋಗ್ತದ" ಎನ್ನುತ್ತಿದ್ದರು. ಬಸುರಿ ಹೆಂಗಸರು ಗಂಡೋ ಹೆಣ್ಣೋ ಎಂದು ಕೇಳಿದರೆ "ಕೂಸು" ಎನ್ನುತ್ತಿದ್ದರು. ಜನ ಅವರನ್ನು ಕಲ್ಲೆದೆಯವಳು ಎಂದರು, ಆದರೂ ಬೇನೆ ಬಂದಾಗ ಅವರನ್ನೇ ಕರೆದರು. ಅವರು ಬದುಕುತ್ತಾಳೆ ಎಂದರೆ ಬದುಕಿದಳೆಂದೇ ಲೆಕ್ಕ. ಮದುವೆ ಯಾಕೆ ಆಗಲಿಲ್ಲ ಎಂದು ಒಮ್ಮೆ ಕೇಳಿದ್ದೆ. "ಹೊತ್ತಿರಲಿಲ್ಲ ಬಿಡೋ" ಎಂದು ಉಂಡಿ ಮುರಿದು ನನ್ನ ಬಾಯಿಗೆ ತುರುಕಿದರು. ಅವರು ನನ್ನನ್ನು ಎಂದೂ ಹೆಸರು ಹಿಡಿದು ಕರೆಯಲಿಲ್ಲ. ತಮ್ಮಾ ಎನ್ನುತ್ತಿದ್ದರು.

ಓದು ಮುಗಿಸಿ ಬಳ್ಳಾರಿಯ ಗಾಂಧಿನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಾದೆ. ಅಲ್ಲಿ ಹೀಬ್ರೂ ಓದಿದ್ದ ಅಯ್ಯನವರೊಬ್ಬರ ಪರಿಚಯವಾಯಿತು. ಓನ್ ಎಂಬ ಪದಕ್ಕೆ ದುಃಖವೆಂಬ ಅರ್ಥವಿದ್ದ ಹಾಗೆ ಶಕ್ತಿ ಎಂಬ ಅರ್ಥವೂ ಇದೆ, ಬೆನೋನಿ ಎಂದರೆ ನನ್ನ ಬಲದ ಮಗ ಎಂದೂ ಹೇಳಬಹುದೆನ್ನುವ ಪಂಡಿತರಿದ್ದಾರೆ ಎಂದು ಅವರು ತಿಳಿಸಿದರು. ಬೆನ್ಯಾಮೀನನ ಯಾಮೀನ್ ಕೂಡ ನಮ್ಮ ದಕ್ಷಿಣ ಎಂಬ ಪದದ ಹಾಗೆಯೇ, ಬಲಗಡೆಯೂ ಹೌದು ತೆಂಕಣ ದಿಕ್ಕೂ ಹೌದು. ನನಗೆ ಆ ದಿನ ಹಬ್ಬ. ಶನಿವಾರ ಶಾಲೆ ಬಿಟ್ಟದ್ದೇ ಕುರುಗೋಡಿನ ಬಸ್ಸು ಹತ್ತಿದೆ. ನರ್ಸಮ್ಮನಿಗೆ ಆಗ ಅಲ್ಲಿಗೇ ವರ್ಗವಾಗಿ, ಅಣ್ಣನ ಮನೆಯಲ್ಲಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಅಕ್ಕಿಯಲ್ಲಿನ ಕಲ್ಲು ಆರಿಸುತ್ತಲೇ, "ಆ ಪಂಡಿತ್ರೊಳಗ ಎಷ್ಟು ಮಂದಿ ಹೆರಿಗಿ ಮಾಡ್ಸ್ಯಾರಪಾ?" ಎಂದರು.

ನನ್ನ ಹಬ್ಬ ಅಲ್ಲಿಗೇ ಮುಗಿಯಿತು. ಅವರು ಹೇಳಿದ್ದು ನಿಜ. ರಕ್ತ ಹೋಗಿ ಸಾಯುತ್ತಿರುವ ಹುಡುಗಿ ನಿಘಂಟು ನೋಡಿ ಹೆಸರಿಡುವುದಿಲ್ಲ. ಅಫಿಡವಿಟ್ ಮಾಡಿಸಿ ಹೆಸರು ಬದಲಿಸಿಬಿಡೋಣ ಎಂದು ಎರಡು ಸಲ ವಕೀಲರ ಮನೆಯ ತನಕ ಹೋಗಿ ಬಂದೆ. ಅದಕ್ಕೂ ಅಂಜಿಕೆ. ಅವ್ವ ನನಗೆಂದು ಮಾಡಿದ್ದು ಅದೊಂದೇ, ಅದನ್ನೂ ಅಳಿಸಿದರೆ ಅವಳ ಪಾಲಿಗೆ ನಾನು ಏನಾಗಿ ಉಳಿಯುತ್ತೇನೆ? ಅಷ್ಟರಲ್ಲಿ ತಾತ ತೀರಿಕೊಂಡ. ಸಾಯುವ ತನಕ ಆ ಸಾಕ್ಷಿಯನ್ನು ಒಂದಕ್ಷರ ಬದಲಿಸದೆ ಹೇಳಿದ.

ಮದುವೆಯಾಗಿ ಕೌಲ್ ಬಜಾರಿನಲ್ಲಿ ಮನೆ ಮಾಡಿದೆವು. ಹೆಂಡತಿಗೆ ನನ್ನ ಹೆಸರು ಇಷ್ಟವಾಗಿತ್ತು, ಕೇಳಲು ಇಂಪಾಗಿದೆ ಎಂದಿದ್ದಳು. ಅರ್ಥ ಹೇಳಲು ನನಗೆ ಬಾಯಿ ಬರಲಿಲ್ಲ. ಅವಳು ಬಸುರಿಯಾದಾಗ ಓಣಿಯವರೆಲ್ಲ ಸಿಹಿ ಕೇಳಿದರು, ನನಗೆ ಮಾತ್ರ ಎದೆಯಲ್ಲಿ ಒನಕೆ ಕುಟ್ಟಿದ ಹಾಗಾಗುತ್ತಿತ್ತು. ಏಳನೇ ತಿಂಗಳಿಗೆ ಅವಳ ಕಾಲು ಊದಿತು, ಬಿಪಿ ಏರಿತು. ಎಚ್ಚರಿಕೆಯಿಂದಿರಬೇಕು ಎಂದಷ್ಟೇ ಡಾಕ್ಟರಮ್ಮ ಹೇಳಿದರು. ನಾನು ಊಟ ಬಿಟ್ಟೆ. ಪಾಠ ಮಾಡುತ್ತಿದ್ದವನು ನಡುವೆ ನಿಲ್ಲಿಸಿ ಮನೆಗೆ ಫೋನು ಮಾಡುತ್ತಿದ್ದೆ. ಅವಳು ಎತ್ತಲು ತಡವಾದರೆ ಸೀಮೆಸುಣ್ಣ ಕೈಯಲ್ಲೇ ಪುಡಿಯಾಗುತ್ತಿತ್ತು. ನನ್ನ ಹೆದರಿಕೆ ಅವಳ ಸಾವಿನದಷ್ಟೇ ಆಗಿದ್ದರೆ ಎಲ್ಲ ಗಂಡಂದಿರ ಹಾಗೆ ನಾನೂ ಒಬ್ಬ ಎನ್ನಬಹುದಿತ್ತು. ಅವಳು ಸಾಯುವಾಗ ನನ್ನನ್ನು ನೋಡಿ ಏನಾದರೂ ಒಂದು ಮಾತು ಹೇಳಿಬಿಟ್ಟರೆ ಎಂಬುದು ಅದಕ್ಕಿಂತ ದೊಡ್ಡ ಹೆದರಿಕೆಯಾಗಿತ್ತು. ಅಂಥ ಇನ್ನೊಂದು ಮಾತನ್ನು ಹೊರುವ ಶಕ್ತಿ ನನಗಿರಲಿಲ್ಲ.

ಕೊನೆಗೆ ಕುರುಗೋಡಿಗೆ ಫೋನು ಮಾಡಿದೆ. "ಏನೂ ಆಗಂಗಿಲ್ಲ ಅನ್ರಿ ನರ್ಸಮ್ಮಾ, ಒಂದ್ಸಲ ಅನ್ರಿ" ಎಂದೆ, ಆ ತೆಲುಗಿನ ಅತ್ತೆಯ ಹಾಗೆಯೇ. "ಹಂಗ ಅನ್ನಂಗಿಲ್ಲ. ರಜಾ ಹಾಕಿ ಬರ್ತೀನಿ" ಎಂದು ಇಟ್ಟರು. ಮರುದಿನ ಹತ್ತು ಗಂಟೆಗೆ ಚೀಲದೊಂದಿಗೆ ಬಾಗಿಲಲ್ಲಿದ್ದರು. ಬಂದವರೇ ಮೊದಲು ನನ್ನ ಹೆಂಡತಿಯ ಕೈ ಹಿಡಿದು ಎಣಿಸಿದರು, ಆಮೇಲೆ ನನ್ನದು. "ನಿಮ್ಮಿಬ್ಬರೊಳಗ ಬಸುರಿ ಯಾರು?" ಎಂದು ನನ್ನ ಹೆಂಡತಿಯನ್ನು ಕೇಳಿದರು. ಅವಳು ತಿಂಗಳಲ್ಲಿ ಮೊದಲ ಸಲ ಬಾಯಿತುಂಬ ನಕ್ಕಳು.

ಅವರು ಬಂದ ಒಂಬತ್ತನೇ ದಿನ, ಮಧ್ಯಾಹ್ನ ಊಟದ ಹೊತ್ತಿಗೆ, ಹೆಂಡತಿ ಕಣ್ಣು ಮಂಜಾಗುತ್ತಿದೆ ಎಂದಳು. ಪಕ್ಕದ ಮನೆಯ ಸಾಹೇಬರು ಊಟದ ತಟ್ಟೆ ಬಿಟ್ಟೆದ್ದು ತಮ್ಮ ಆಟೋ ತೆಗೆದರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಿಪಿ ನೋಡಿ, ತಡ ಮಾಡದೆ ಆಪರೇಷನ್ ಮಾಡಿ ಕೂಸನ್ನು ತೆಗೆಯಬೇಕು ಎಂದರು. ಕಾಗದಕ್ಕೆ ಸಹಿ ಹಾಕಿದೆ, ಬೆನೋನಿ ಎಂದು ಬರೆದದ್ದು ನನಗೇ ಓದಲಾಗಲಿಲ್ಲ. ಆಯಾ ಬಂದು, "ನಿಮ್ಮ ಮನ್ಯಾಗಿನವರು ಕರ್ಯಾಕತ್ತಾರ್ರಿ. ಒಳಗ ಒಯ್ಯೋದ್ರೊಳಗ ಒಂದ್ ಮಾತು ಆಡಬೇಕಂತ" ಎಂದಳು.

ಒಂದು ಮಾತು! ನಾನು ಎದ್ದು ನಾಲ್ಕು ಹೆಜ್ಜೆ ಹಾಕಿದೆ. ಬಾಗಿಲಿಗೆ ಹಸಿರು ಪರದೆ ತೂಗುತ್ತಿತ್ತು. ಅದನ್ನು ಕಂಡದ್ದೇ ತಡ, ತಿರುಗಿ ಮೆಟ್ಟಿಲಿಳಿದು ಓಡಿದೆ. ಓಡಿಹೋದೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಆಟೋಗಳು ನಿಂತಿದ್ದವು. ಅವುಗಳ ಹಿಂದೆ ಕುಕ್ಕರುಗಾಲಲ್ಲಿ ಕೂತು ಎರಡೂ ಕಿವಿ ಮುಚ್ಚಿಕೊಂಡೆ.

ಕಿವಿಯ ಮೇಲಿನ ಕೈಯನ್ನು ಕಿತ್ತು ಯಾರೋ ನಾಡಿ ಹಿಡಿದರು. ಕಣ್ಣು ತೆರೆದರೆ ನರ್ಸಮ್ಮ. ಏದುಸಿರು ಬಿಡುತ್ತಿದ್ದರು.

"ಅಕಿ ಕರ್ಯಾಕತ್ತಾಳ. ಏಳು."

"ಒಲ್ಲೆ ನರ್ಸಮ್ಮಾ. ಅಕಿ ಏನಾರ ಅಂದ್ಬಿಟ್ರ? ನಮ್ಮವ್ವ ಅಂದಂಗ?"

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಅಲ್ಲೇ, ಆಟೋ ಡ್ರೈವರುಗಳ ನಡುವೆ, ನನ್ನೆದುರು ನೆಲದ ಮೇಲೆ ಕೂತರು.

"ನಿಮ್ಮವ್ವ ನಿನಗ ಹೆಸರ ಇಡಲಿಲ್ಲೋ ತಮ್ಮಾ" ಎಂದರು. "ನಾ ಅಕಿ ಮಗ್ಗಲಾಗ ಕುಂತಿದ್ದೆ. ನನ್ನ ಕೈ ಹಿಡ್ಕೊಂಡು, ಬ್ಯಾನಿ ಹೋತ್ರಿ ನರ್ಸಮ್ಮ, ಬ್ಯಾನಿ ಇಲ್ಲ ಈಗ ಅಂದ್ಲು. ಆರಾಮಾತು ಅಂತ ಹೇಳಿದ್ಲು. ಬ್ಯಾನಿ ಅಂದಿದ್ದು ಹೊರಗಿದ್ದ ನಿಮ್ಮ ತಾತಗ ಬೆನೋನಿ ಅಂತ ಕೇಳ್ಸೈತಿ. ಅವನ ತಲಿಯೊಳಗ ಇದ್ದದ್ದು ಅದ, ಕೇಳಿಸಿದ್ದೂ ಅದ. ನೋವು ಹೋತು ಅಂತ ಸತ್ತಾಕಿ ಅಕಿ. ನಿನಗ ದುಃಖ ಅಂದಾಕಿ ಅಲ್ಲ."

ಬೇನೆಗೆ ಬ್ಯಾನಿ ಎನ್ನುವ ನಮ್ಮೂರ ನಾಲಿಗೆಯನ್ನು, ಉಪದೇಶಿಯ ಕಿವಿಯನ್ನು, ನಡುವೆ ಇದ್ದ ಆ ಪರದೆಯನ್ನು ನಾನು ಎಂದೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಕನ್ನಡ ಮೇಷ್ಟರು ಬೇರೆ! ಮೂವತ್ತು ವರ್ಷ ಕಾಡಿದ್ದು ಒಂದು ತಪ್ಪು ಕೇಳುವಿಕೆಯೇ?

"ಮೊದಲ ಯಾಕ ಹೇಳಲಿಲ್ರಿ?"

"ಮುದುಕ ಅದನ್ನ ಹಿಡ್ಕೊಂಡು ಬದುಕಿದ್ದ. ಕಸಗೊಳ್ಳಾಕ ನಂಗ ಮನಸ್ಸು ಬರಲಿಲ್ಲ. ಈಗ ಏಳು."

ನಾನು ಎದ್ದೆ. ಮೆಟ್ಟಿಲು ಹತ್ತಿದೆ, ಪರದೆ ಸರಿಸಿದೆ. ಹೆಂಡತಿ ಗಾಡಿಯ ಮೇಲೆ ಮಲಗಿದ್ದಳು. ಅವಳ ಕೈ ಹಿಡಿದುಕೊಂಡು ಬಗ್ಗಿದೆ. ಅವಳು ತುಟಿ ಒದ್ದೆ ಮಾಡಿಕೊಂಡು, "ಗ್ಯಾಸ್ ಒಲಿ ಆರಿಸಿ ಬಂದೀರಿಲ್ಲೋ?" ಎಂದು ಕೇಳಿದಳು. ಆರಿಸಿರಲಿಲ್ಲ. ಆರಿಸಿದ್ದೇನೆ ಎಂದೆ. ಪಕ್ಕದ ಮನೆಗೆ ಫೋನು ಮಾಡಿ ಕಿಟಕಿಯಿಂದ ನೋಡಲು ಹೇಳಿದೆ. ಮುಕ್ಕಾಲು ಗಂಟೆಯಾದ ಮೇಲೆ ಒಳಗಿನಿಂದ ಕೂಸಿನ ಅಳು ಕೇಳಿಸಿತು, ಹೆಣ್ಣುಕೂಸು. ಹೆಂಡತಿ ಎರಡು ದಿನ ಎಲ್ಲರನ್ನೂ ಗಾಬರಿಯಲ್ಲಿಟ್ಟು ಮೂರನೇ ದಿನ ಎದ್ದು ಕೂತು ಗಂಜಿ ಕುಡಿದಳು.

ಆಮೇಲಿನ ಹತ್ತು ವರ್ಷ ನಾನು ಮನುಷ್ಯರಂತೆ ಬದುಕಿದೆ. ಹೆಂಡತಿಗೆ ಹೆಸರಿನ ಕಥೆ ಹೇಳಿದೆ. ತರಗತಿಯಲ್ಲಿ ಬೇನೆ ಪದ ಬಂದರೆ ನನ್ನ ಹೆಸರನ್ನೇ ಉದಾಹರಣೆ ಕೊಟ್ಟು ಹುಡು‌ಗರನ್ನು ನಗಿಸುತ್ತಿದ್ದೆ. ತಾತನ ಮೇಲೆ ಮೊದಮೊದಲು ಸಿಟ್ಟು ಬರುತ್ತಿತ್ತು, ಬರಬರುತ್ತ ಕನಿಕರವಾಯಿತು. ಹುಟ್ಟುಹಬ್ಬಕ್ಕೆ ನರ್ಸಮ್ಮ ಬರುವುದು ನಿಲ್ಲಲಿಲ್ಲ. ಈಗ ಉಂಡಿ ನನ್ನ ಮಗಳಿಗೆ.

ಈ ವರ್ಷ ಅವರು ಬರಲಿಲ್ಲ. ನಾನೇ ಫೋನು ಮಾಡಿದಾಗ ಅವರ ಅಣ್ಣನ ಮಗ ಎತ್ತಿ, "ನಮ್ಮ ಅತ್ತಿಯವರಿಗೆ ಕಿಡ್ನಿ ಎರಡೂ ಹೋಗ್ಯಾವ್ರಿ ಸರ್. ಡಯಾಲಿಸಿಸ್ ಒಲ್ಲೆ ಅಂತಾರ. ನಿಮ್ಮನ್ನ ಕೇಳಾಕತ್ತಾರ" ಎಂದ. ಆಗಲೇ ಹೊರಟೆ. ಕುರುಗೋಡಿನ ಬಂಡೆಗುಡ್ಡಗಳ ಮೇಲೆ ಬಿಸಿಲು ಸುರಿಯುತ್ತಿತ್ತು. ಪಡಸಾಲೆಯ ಕಬ್ಬಿಣದ ಮಂಚದ ಮೇಲೆ ಅವರು ಮಲಗಿದ್ದರು. ಮುಖ ಊದಿ ಗುರುತು ಸಿಗುವಂತಿರಲಿಲ್ಲ. ವಿಭೂತಿ ಮಾತ್ರ ಎಂದಿನಂತೆ ಇತ್ತು. ಮನೆಯವರನ್ನೆಲ್ಲ ಕಣ್ಣಿನಲ್ಲೇ ಹೊರಗೆ ಕಳಿಸಿ, ನನ್ನನ್ನು ಮಂಚದ ಅಂಚಿಗೆ ಕೂರಿಸಿಕೊಂಡರು.

"ಅವತ್ತು ಬೇವಿನಮರದ ಕೆಳಗ ಹೇಳಿದೆನಲ್ಲ, ಅದು ಸುಳ್ಳು" ಎಂದರು.

ನನಗೆ ತಿಳಿಯಲಿಲ್ಲ. ತಿಳಿಯಬಾರದು ಎಂದೂ ಅನ್ನಿಸಿತು.

"ನಿಮ್ಮವ್ವ ಸಾಯೋ ಹೊತ್ತಿಗೆ ನಾ ಮನ್ಯಾಗ ಇರಲಿಲ್ಲೋ. ರಕ್ತ ನಿಲ್ಲಲಿಲ್ಲ. ಅಕ್ಕಿ ಮಿಲ್ಲಿನ ಜೀಪು ತರಾಕ ಓಡಿ ಹೋಗಿದ್ದೆ. ತರೋದ್ರೊಳಗ ಮುಗಿದಿತ್ತು. ಮನ್ಯಾಗ ಇದ್ದಾಂವ ನಿಮ್ಮ ತಾತ ಒಬ್ಬನ, ಅದೂ ಪರದೆ ಹೊರಗ."

ಹತ್ತು ವರ್ಷ ಎಲ್ಲಿಗೋ ಹೋಗಿದ್ದ ಅಂಜಿಕೆ ತನ್ನ ಮನೆಗೇ ಮರಳಿದವರ ಹಾಗೆ ಒಳಗೆ ಬಂದು ಕೂತಿತು.

"ಹಂಗಾರ ತಾತ ಹೇಳಿದ್ದ ಖರೇ ಏನ್ರಿ? ಬೆನೋನಿ ಅಂದ್ಲೇನ್ರಿ?"

"ಅಂದಿರಬಹುದು. ಬ್ಯಾನಿ ಅಂದಿರಬಹುದು. ಏನೂ ಅನ್ನದೇ ಇರಬಹುದು. ನಂಗ ಗೊತ್ತಿಲ್ಲ. ನೀ ಆವತ್ತು ಕಿವಿ ಮುಚ್ಕೊಂಡು ಕುಂತಿದ್ದೆಲ್ಲ, ಅದನ್ನ ನೋಡಾಕ ಆಗಲಿಲ್ಲ. ಬಾಯಿಗೆ ಬಂತು, ಅಂದೆ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. "ಇನ್ನೊಂದ ಐತಿ. ಅದು ಇದಕ್ಕಿಂತ ಹಳೇದು. ನೀ ಹುಟ್ಟಿದಾಗ ಅಳಲಿಲ್ಲ."

ನಾನು ಇನ್ನಷ್ಟು ಹತ್ತಿರಕ್ಕೆ ಬಗ್ಗಿದೆ.

"ಉಸಿರಿತ್ತು, ಅಳು ಇರಲಿಲ್ಲ. ಮೈ ನೀಲಿ. ಬೆನ್ನು ತಿಕ್ಕಿದೆ, ಅಂಗಾಲು ಬಡದೆ, ಊಹೂಂ. ಅಕಿ ಮಲಗಿದಲ್ಲಿಂದ ಕೇಳಾಕತ್ತಿದ್ಲು, ಯಾಕ್ರಿ ಅಳವಲ್ತು, ನನ್ನ ಕೂಸು ಯಾಕ್ರಿ ಅಳವಲ್ತು ಅಂತ. ಅಕಿಗೆ ಕಿವಿ ಮಂದ ಆಗಾಕತ್ತಿತ್ತು, ಕಣ್ಣು ಕತ್ತಲಿ ಬರಾಕತ್ತಿತ್ತು. ನಾ ಅಕಿ ಕಿವಿಗೆ ಬಾಯಿ ಹಚ್ಚಿ ಹೇಳಿದೆ. ಹೇಳಿ, ನಿನ್ನನ್ನ ನನ್ನ ಸೆರಗಿನ್ಯಾಗ ಸುತ್ಕೊಂಡು ಜೀಪಿಗೆ ಓಡಿದೆ. ಬಿಟ್ಟು ಹೋದ್ರ ನೀನೂ ಉಳೀತಿರಲಿಲ್ಲ. ಓಡ್ತಾ ಓಡ್ತಾನ ಬೆನ್ನು ತಿಕ್ಕಿದೆ. ಮಿಲ್ಲಿನ ಗೇಟಿಗೆ ಬಂದಾಗ ಅತ್ತಿ ನೀ. ಹಮಾಲರೆಲ್ಲ ತಿರುಗಿ ನೋಡಿದ್ರು, ಹಂಗ ಅತ್ತಿ. ಅಕಿಗೆ ಕೇಳಿಸಲಿಲ್ಲ."

ಅವರ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಈ ಕೆಲಸದಾಗ ಎರಡ ಸುಳ್ಳು ಹೇಳೀನಿ ತಮ್ಮಾ. ಎರಡೂ ನಿಮ್ಮ ಮನೀಗೇ. ವರ್ಷಾ ವರ್ಷಾ ಬರ್ತಿದ್ನಲ್ಲ, ಅದು ನಿನ್ನ ಮ್ಯಾಗಿನ ಪ್ರೀತಿ ಒಂದ ಅಲ್ಲ. ಅಕಿಗೆ ಸುಳ್ಳು ಹೇಳಿ ಕಳಿಸೀನಿ, ಎಲ್ಲಿ ಆ ಸುಳ್ಳು ಸುಳ್ಳಾಗೇ ಉಳೀತೈತೋ ಅಂತ ಅಂಜಿಕಿ. ನಿನ್ನ ಕೈ ಹಿಡಿದು ನೋಡಿದ್ರ ಮತ್ತೊಂದು ವರ್ಷ ನಿದ್ದಿ ಬರ್ತಿತ್ತು."

ನನ್ನೊಬ್ಬನ ಪಾಲಿಗೆ ಬಂದದ್ದೆಂದು ನಾನು ತಿಳಿದಿದ್ದ ಅಂಜಿಕೆಯ ಇನ್ನರ್ಧವನ್ನು ಈ ಹೆಣ್ಣುಮಗಳು ನಲವತ್ತು ವರ್ಷ ಬಸ್ಸಿನಿಂದ ಬಸ್ಸಿಗೆ ಹೊತ್ತು ತಿರುಗಿದ್ದಳು. ಎಲ್ಲರಿಗೂ ಇದ್ದದ್ದನ್ನು ಇದ್ದಂತೆ ಹೇಳಿ ಕಲ್ಲೆದೆಯವಳು ಎನ್ನಿಸಿಕೊಂಡವಳು. ಅವರ ಊದಿದ ಪಾದದ ಮೇಲೆ ಹಣೆಯಿಟ್ಟು ಅತ್ತೆ. ಬಾಗಿಲಾಚೆಯಿಂದ ಅಣ್ಣನ ಸೊಸೆ ಗಾಬರಿಯಾಗಿ ಇಣುಕಿದಳು. ಅಷ್ಟು ಜೋರಾಗಿ ಅತ್ತಿರಬೇಕು.

ಹತ್ತನೇ ದಿನ ಅವರು ಹೋದರು. ಕುರುಗೋಡಿನ ಅವರ ಹೊಲದಲ್ಲಿ ವಿಭೂತಿ, ಬಿಲ್ವಪತ್ರೆಯೊಂದಿಗೆ ಕೂರಿಸಿ ಮಣ್ಣು ಮಾಡಿದರು. ಮೂರು ಹಿಡಿ ಮಣ್ಣು ನಾನೂ ಹಾಕಿದೆ. ಅವರು ಹೆರಿಗೆ ಮಾಡಿಸಿದ ಎಷ್ಟೋ ಜನ ಅಲ್ಲಿದ್ದರು, ತಲೆ ನರೆತವರೂ ಇದ್ದರು.

ಹೆಸರು ಬದಲಿಸುವ ಯೋಚನೆ ಈಗಿಲ್ಲ. ಅಂಜಿಕೆಯೂ ಹೋಗಿಲ್ಲ. ಮಗಳು ಶಾಲೆಯಿಂದ ಬರುವುದು ಹತ್ತು ನಿಮಿಷ ತಡವಾದರೆ ಈಗಲೂ ನಾಡಿ ಕುದುರೆಯಾಗುತ್ತದೆ, ಎಣಿಸಿ ಗದರುವವರಿಲ್ಲ. ಅವ್ವ ಬಿಟ್ಟುಹೋದ ಕೊನೆಯ ಮಾತು ಬ್ಯಾನಿಯೋ ಬೆನೋನಿಯೋ, ಅದು ತಿಳಿದವರು ಯಾರೂ ಉಳಿದಿಲ್ಲ, ಇನ್ನು ತಿಳಿಯುವುದೂ ಇಲ್ಲ. ಆದರೆ ಅವ್ವನ ಕಿವಿಗೆ ಬಿದ್ದ ಕೊನೆಯ ಮಾತು ಯಾವುದೆಂದು ನನಗೆ ಗೊತ್ತು. ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು, ನೀಲಿಗಟ್ಟಿದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಬಗ್ಗಿ, ಅವಳ ಕಿವಿಯಲ್ಲಿ ಹೇಳಿದ ಮಾತು: "ಅಳಾಕತ್ತಾನವ್ವಾ. ಗಂಡುಮಗ. ಭಾಳ ಜೋರು ಅಳಾಕತ್ತಾನ, ಕೇಳಿಲ್ಲಿ."